ಮೊದಲು ಗುಂಡಿಗೆ ಇಳಿಯಿರಿ

ಪ್ರಿಯ ಬರಹಗಾರರೇ,

ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಬಹಳ ಹಿಂದೆ ಬದುಕಿ ಅಳಿದುಹೋದ ಪುಟ್ಟ ಮನುಷ್ಯರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಅಷ್ಟೇ ಹೇಳಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಏಳನೇ ಪ್ಯಾರಾದಲ್ಲಿ, ಆ ದ್ವೀಪದ ಕೊಕ್ಕರೆ ಅಲ್ಲಿನ ಮನುಷ್ಯರಿಗಿಂತ ಎತ್ತರ ಇತ್ತು ಅಂತ ಬರೆದಿದ್ದೀರಿ. ಹಕ್ಕಿ 1.8 ಮೀಟರ್, ಅಲ್ಲಿ ಮೂಳೆ ಸಿಕ್ಕ ಹೆಂಗಸು ಸುಮಾರು 1.06 ಮೀಟರ್. ಅಲ್ಲಿ ಓದು ನಿಲ್ಲಿಸಿ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದೆ. ಇಡೀ ಲೇಖನದಲ್ಲಿ ನನಗೆ ಏನಾದರೂ ಕಂಡಿದ್ದು ಅಲ್ಲಿ ಮಾತ್ರ.

ನಿಮ್ಮ ಮೊದಲ ಸಾಲು, "ಮಾನವ ವಿಕಾಸದ ಹಾದಿ ವಿಸ್ಮಯಗಳ ಆಗರ". ಇದನ್ನು ಯಾವ ಲೇಖನಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ? ಆಮೇಲೆ ಅರ್ಧ ಪುಟ ವಾಮನಾವತಾರ. ಕನ್ನಡದ ಓದುಗರಿಗೆ ಹತ್ತಿರವಾಗಲಿ ಅಂತ ಹಾಕಿದ್ದೀರಿ, ಗೊತ್ತು. ಆದರೂ ತೆಗೆಯಿರಿ. ಇಂಡೋನೇಷ್ಯಾದ ಗುಹೆಯ ಮೂಳೆಗೂ ಆ ಕತೆಗೂ ಸಂಬಂಧ ಇಲ್ಲ.

ನನಗೆ ಜಾಸ್ತಿ ಬೇಸರವಾಗಿದ್ದು ಮುಂದಿನ ಸಾಲಿಗೆ: "2003ರಲ್ಲಿ ವಿಜ್ಞಾನಿಗಳು ಇದನ್ನು ಪತ್ತೆಹಚ್ಚಿದರು." ಯಾವ ವಿಜ್ಞಾನಿಗಳು? ಆಸ್ಟ್ರೇಲಿಯಾದ ಮೈಕ್ ಮೊರ್ವುಡ್ ಮತ್ತು ಇಂಡೋನೇಷ್ಯಾದ ಸೋಜೋನೊ ಮುಂದಾಳುಗಳು, ನಿಜ. ಆದರೆ ಸೆಪ್ಟೆಂಬರ್‌ನ ಆ ದಿನ ಲಿಯಾಂಗ್ ಬುವಾ ಗುಹೆಯಲ್ಲಿ, ಸುಮಾರು ಆರು ಮೀಟರ್ ಆಳದ ಗುಂಡಿಯಲ್ಲಿ ಕೂತು ಮಣ್ಣು ಕೆರೆಯುತ್ತಿದ್ದವರು ಬೆನ್ಯಾಮಿನ್ ತಾರುಸ್ ಎಂಬ ಸ್ಥಳೀಯ ಕೆಲಸಗಾರ. ತಲೆಬುರುಡೆಗೆ ಮೊದಲು ತಾಗಿದ್ದು ಅವರ ಕರಣೆ. ಅಗೆತ ನೋಡಿಕೊಳ್ಳುತ್ತಿದ್ದ ಥಾಮಸ್ ಸುತಿಕ್ನಾ ಆಗ ಜ್ವರ ಬಂದು ಹೋಟೆಲಿನಲ್ಲಿ ಮಲಗಿದ್ದರು. ಮೊದಲು ಮಗುವಿನ ಬುರುಡೆ ಅಂದುಕೊಂಡರು. ಹಲ್ಲು ನೋಡಿದರೆ ದೊಡ್ಡವರದು! ಮೂಳೆಗಳೋ, ನೆನೆದ ಕಾಗದದಷ್ಟು ಮೆತ್ತಗೆ. ಮುಟ್ಟಿದರೆ ಕಿತ್ತು ಬರುವ ಸ್ಥಿತಿ. ಅವನ್ನು ಗಟ್ಟಿ ಮಾಡಲು ನೇಲ್ ಪಾಲಿಶ್ ತೆಗೆಯುವ ದ್ರಾವಣಕ್ಕೆ ಅಂಟು ಬೆರೆಸಿ ಸವರಿದರು. ಇಷ್ಟೆಲ್ಲ ಇರುವಾಗ ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿರಿ.

ಒಂದು ತಪ್ಪೂ ಇದೆ. ಇವರು 18,000 ವರ್ಷಗಳ ಹಿಂದಿನವರೆಗೂ ಬದುಕಿದ್ದರು ಅಂತ ಬರೆದಿದ್ದೀರಿ. 2004ರಲ್ಲಿ ಹಾಗೇ ಹೇಳಿದ್ದರು. 2016ರಲ್ಲಿ ಅದೇ ತಂಡದವರು ತಿದ್ದಿದರು. ಗುಹೆಯ ಹಳೆ ಮಣ್ಣು ಒಂದು ಕಡೆ ಕೊಚ್ಚಿಹೋಗಿ ಇಳಿಜಾರಾಗಿತ್ತು. ಅದರ ಮೇಲೆ ಹೊಸ ಮಣ್ಣು ಬಂದು ಕೂತಿತ್ತು. ಒಂದೇ ಮಟ್ಟದಲ್ಲಿ ಹಳೆಯದೂ ಹೊಸದೂ ಅಕ್ಕಪಕ್ಕ. ಹೊಸ ಮಣ್ಣಿನ ಇದ್ದಿಲಿನ ವಯಸ್ಸನ್ನು ಮೂಳೆಯ ವಯಸ್ಸು ಅಂದುಕೊಂಡಿದ್ದರು. ಈಗಿನ ಲೆಕ್ಕದಲ್ಲಿ ಮೂಳೆಗಳು 1,00,000ದಿಂದ 60,000 ವರ್ಷ ಹಳೆಯವು. ಕಲ್ಲಿನ ಉಪಕರಣಗಳು 50,000 ವರ್ಷಗಳ ಹಿಂದಿನವರೆಗೆ ಸಿಗುತ್ತವೆ. ಬರೀ ಅಂಕಿ ಬದಲಿಸಬೇಡಿ. ಎಡವಿದ್ದು ಎಲ್ಲಿ, ತಿದ್ದಿಕೊಂಡಿದ್ದು ಹೇಗೆ ಅನ್ನುವುದನ್ನೂ ಹೇಳಿ. ಓದುಗರಿಗೆ ವಿಜ್ಞಾನದ ಮೇಲೆ ನಂಬಿಕೆ ಹುಟ್ಟುವುದು ಇಂಥ ಕಡೆ.

"ಇವರು ಕಾಯಿಲೆಯಿಂದ ಕುಗ್ಗಿದ ನಮ್ಮಂಥವರೇ ಎಂಬ ವಾದವೂ ಇದೆ" ಅಂತ ಬರೆದು ಕೈಬಿಟ್ಟಿದ್ದೀರಿ. 2007ರಲ್ಲಿ ಮಣಿಕಟ್ಟಿನ ಮೂಳೆ ಪರೀಕ್ಷಿಸಿದಾಗ ಅದು ನಮ್ಮದರಂತೆ ಇರಲಿಲ್ಲ, ವಾನರಗಳ ಮತ್ತು ಬಹಳ ಹಳೆಯ ಪೂರ್ವಜರ ಮಣಿಕಟ್ಟಿನಂತೆ ಇತ್ತು. ಅದೇ ದ್ವೀಪದ ಮಾಟಾ ಮೆಂಗೆಯಲ್ಲಿ 7 ಲಕ್ಷ ವರ್ಷ ಹಳೆಯ, ಇನ್ನೂ ಚಿಕ್ಕ ದವಡೆ ಸಿಕ್ಕಿದೆ. ಕಾಯಿಲೆಯ ವಾದಕ್ಕೆ ಉತ್ತರವಾಗಿ ಇದನ್ನು ಸೇರಿಸಿ. ದೊಡ್ಡ ಮೈಯ ಪೂರ್ವಜರು ದ್ವೀಪಕ್ಕೆ ಬಂದ ಮೇಲೆ ಕುಗ್ಗಿದರೋ, ಬಂದವರೇ ಚಿಕ್ಕವರೋ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಅದನ್ನು ತೆರೆದೇ ಇಡಿ.

ಮತ್ತೆ ಬರೆಯಿರಿ. ತಾರುಸ್ ಅವರ ಕರಣೆಯಿಂದ ಶುರು ಮಾಡಿ. ಕೊಕ್ಕರೆಯನ್ನು ಮಾತ್ರ ಬಿಡಬೇಡಿ.