ಕೋಟಿ ಸಂಬಳದವರಿಗೆ ಹಿಡಿಯಲು ಬರುವುದಿಲ್ವಾ?

ಹೋದ ಸಂಚಿಕೆಯಲ್ಲಿ ಯಾರೋ ಕೇಳಿದರು ಅಂತ ಅಮೆರಿಕನ್ ಫುಟ್‌ಬಾಲ್ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಪತ್ರಗಳು ಬಂದದ್ದು ಬಂದದ್ದೇ. ನಮ್ಮ ಕರಾವಳಿಯಲ್ಲಿ ಇಷ್ಟು ಜನ ಈ ಆಟ ನೋಡುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಡಗಿನವರು, ಮಕ್ಕಳು ಅಮೆರಿಕದಲ್ಲಿ ಇರುವವರು, ಮಣಿಪಾಲದ ಹಾಸ್ಟೆಲ್ ಹುಡುಗರು. ಹಾಗಾಗಿ ಈ ಸಲ ಪೂರ್ತಿ ಅದೇ. ಕಂಬಳದ ಪ್ರಶ್ನೆ ಕಳಿಸಿದವರು ಸ್ವಲ್ಪ ತಾಳಿಕೊಳ್ಳಿ.

ಪ್ರಶ್ನೆ: ನಾನು ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತನಾದವ. ನ್ಯೂ ಆರ್ಲಿಯನ್ಸ್ ಬಂದರಿನಲ್ಲಿ ತುಂಬಾ ಸಲ ಇಳಿದು ಅಲ್ಲಿನ ಸೇಂಟ್ಸ್ ತಂಡದ ಹುಚ್ಚು ಹತ್ತಿಸಿಕೊಂಡೆ. ಈಗಲೂ ಭಾನುವಾರ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಒಬ್ಬನೇ ಕೂತು ನೋಡುತ್ತೇನೆ. ಎದುರಿನವ ಚೆಂಡು ಹಿಡಿದು ಓಡಿ ಬರುವಾಗ ನಮ್ಮವರು ಮೂರು ಜನ ಮೈಮೇಲೆ ಬಿದ್ದರೂ ಅವ ನಿಲ್ಲುವುದಿಲ್ಲ. ಕೋಟಿಗಟ್ಟಲೆ ಸಂಬಳ ತಗೊಳ್ಳುವವರಿಗೆ ಒಬ್ಬನನ್ನು ಹಿಡಿದು ಬೀಳಿಸಲು ಬರುವುದಿಲ್ಲ ಅಂದ್ರೆ ಎಂತದ್ದು ಇದು? ಸೋಮಾರಿತನವಾ?
– ಓದುಗರು, ಸುರತ್ಕಲ್

ಉತ್ತರ: ಸೋಮಾರಿತನ ಅಲ್ಲ ಮಾರಾಯ್ರೆ. ಸ್ವಲ್ಪ ಇರಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಒಂದೊಂದು ಕಡೆ 11 ಜನ. ಚೆಂಡು ಇರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಚೆಂಡು ಹಿಡಿದು ಎದುರಿನವರ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಚೆಂಡು ಹಿಡಿದವನನ್ನು ನೆಲಕ್ಕೆ ಬೀಳಿಸಿದರೆ ಆ ಒಂದು ಅವಕಾಶ ಅಲ್ಲಿಗೆ ಮುಗಿಯಿತು. ಬೀಳಿಸುವುದಕ್ಕೆ ಟ್ಯಾಕಲ್ ಅನ್ನುತ್ತಾರೆ, ನಮ್ಮ ಕಬಡ್ಡಿಯಲ್ಲಿ ಅನ್ನುವ ಹಾಗೆಯೇ.

ನಿಮ್ಮ ಸೇಂಟ್ಸ್‌ಗೆ ಈ ವಿಷಯದಲ್ಲಿ ಹಳೆಯ ಗಾಯಗಳೇ ಉಂಟು. 2011ರ ಜನವರಿ 8, ಸಿಯಾಟಲ್‌ನಲ್ಲಿ ಪ್ಲೇಆಫ್ ಪಂದ್ಯ. ಸೇಂಟ್ಸ್ ಅಂದ್ರೆ ಹಿಂದಿನ ಸೀಸನ್ನಿನ ಚಾಂಪಿಯನ್. ಎದುರಿಗೆ 7 ಗೆದ್ದು 9 ಸೋತು ಹೇಗೋ ಒಳಗೆ ಬಂದಿದ್ದ ಸೀಹಾಕ್ಸ್. ಕೊನೆಯ ಹೊತ್ತಿಗೆ ಅವರ ಮಾರ್ಷಾನ್ ಲಿಂಚ್ ಎಂಬ ಗಟ್ಟಿಗ ಚೆಂಡು ತಗೊಂಡು ನಡುವಿನಲ್ಲಿ ನುಗ್ಗಿದ. ಮೊದಲು ಸಿಕ್ಕವನ ಕೈಯಿಂದ ಜಾರಿದ, ಆಮೇಲೆ ಒಬ್ಬೊಬ್ಬರನ್ನೇ ಕೊಡವಿಕೊಂಡು 67 ಗಜ ಓಡಿ ಗೆರೆ ದಾಟಿಯೇ ಬಿಟ್ಟ. ಜನ ಕುಣಿದ ಕುಣಿತ ಹತ್ತಿರದ ಭೂಕಂಪ ಅಳೆಯುವ ಯಂತ್ರದಲ್ಲಿ ದಾಖಲಾಯಿತು. ಇದು ಉತ್ಪ್ರೇಕ್ಷೆ ಅಲ್ಲ, ಹಾಗಾಗಿಯೇ ಆ ಓಟಕ್ಕೆ ‘ಬೀಸ್ಟ್ ಕ್ವೇಕ್’ ಅಂತ ಹೆಸರು.

ಅದರಲ್ಲಿ ಒಂದು ಕ್ಷಣ ನಿಲ್ಲಿಸಿ ನೋಡಿ. ಸೇಂಟ್ಸ್‌ನ ಟ್ರೇಸಿ ಪೋರ್ಟರ್ ಓಡುತ್ತಾ ಲಿಂಚ್ ಪಕ್ಕಕ್ಕೆ ಬರುತ್ತಾನೆ. ಬೆನ್ನು ನೆಟ್ಟಗೆ, ಕೈ ಎದೆಯ ಎತ್ತರದಲ್ಲಿ. ಲಿಂಚ್ ಒಂದು ಕೈ ಚಾಚಿ ಅವನನ್ನು ಹಾಗೇ ನೆಲಕ್ಕೆ ದೂಡುತ್ತಾನೆ, ಬಾಗಿಲಿಗೆ ಅಡ್ಡ ಬಂದ ಮಗುವನ್ನು ಸರಿಸಿದ ಹಾಗೆ. ಈ ಪೋರ್ಟರ್ ಯಾರು ಗೊತ್ತಲ್ವಾ? 11 ತಿಂಗಳ ಹಿಂದೆ ಸೂಪರ್ ಬೌಲ್‌ನಲ್ಲಿ, ಅಂದ್ರೆ ಲೀಗಿನ ಫೈನಲ್‌ನಲ್ಲಿ, ಎದುರಾಳಿ ತಂಡದ ಪೇಟನ್ ಮ್ಯಾನಿಂಗ್ ಎಸೆದ ಚೆಂಡನ್ನು ನಡುವೆ ಹಾರಿಸಿ ಸೇಂಟ್ಸ್‌ಗೆ ಕಪ್ ತಂದುಕೊಟ್ಟವನೇ ಅವ. ಅಂಥವನಿಗೆ ಆಟ ಬರುವುದಿಲ್ಲ ಅನ್ನಲಾಗುತ್ತದಾ? ನೆಟ್ಟಗೆ ನಿಂತು ಹೋದ, ಅಷ್ಟೇ ತಪ್ಪು.

ಎರಡನೆಯದು ಇನ್ನೂ ಸಂಕಟ. 2018ರ ಜನವರಿ 14, ಮಿನಿಯಾಪೊಲಿಸ್. ಸೇಂಟ್ಸ್ 24, ವೈಕಿಂಗ್ಸ್ 23. ಉಳಿದದ್ದು 10 ಸೆಕೆಂಡ್. ವೈಕಿಂಗ್ಸ್ ಬಳಿ ಗಡಿಯಾರ ನಿಲ್ಲಿಸಲು ಟೈಮ್‌ಔಟ್ ಒಂದೂ ಇಲ್ಲ. ಅವರ ಸ್ಟೆಫಾನ್ ಡಿಗ್ಸ್ ಬದಿಯ ಗೆರೆಯ ಹತ್ತಿರ ಹಾರಿ ಚೆಂಡು ಹಿಡಿದ. ಅವನನ್ನು ಗೆರೆಯ ಒಳಗೇ ಅಪ್ಪಿಕೊಂಡು ಕೂತಿದ್ದರೆ ಗಡಿಯಾರ ಓಡಿ ಪಂದ್ಯ ಮುಗಿಯುತ್ತಿತ್ತು. ಬೀಳಿಸುವುದೂ ಬೇಡ, ಸುಮ್ನೆ ಹಿಡಿದುಕೊಂಡರೆ ಸಾಕಿತ್ತು. ಆದರೆ ಸೇಂಟ್ಸ್‌ನ ಮೊದಲ ವರ್ಷದ ಹುಡುಗ ಮಾರ್ಕಸ್ ವಿಲಿಯಮ್ಸ್ ತಲೆ ತಗ್ಗಿಸಿ ಕಾಲಿನತ್ತ ನುಗ್ಗಿದ. ಡಿಗ್ಸ್ ಇನ್ನೂ ಗಾಳಿಯಲ್ಲಿ. ಹುಡುಗ ಅವನ ಕೆಳಗಿನಿಂದ ಹಾಯ್ದು ತನ್ನದೇ ತಂಡದವನಿಗೆ ಹೋಗಿ ಬಡಿದ. ಡಿಗ್ಸ್ ಇಳಿದು ತಿರುಗಿ ನೋಡಿದರೆ ಮುಂದೆ ಯಾರೂ ಇಲ್ಲ. 61 ಗಜದ ಟಚ್‌ಡೌನ್. 29-24.

ಇದನ್ನು ನೋಡಿದಾಗ ನನಗೆ ನಗು ಬರಲಿಲ್ಲ, ಯಾಕಂದ್ರೆ ನಾನೂ ಮಾಡಿದ್ದೇನೆ. ಕಾಲೇಜು ದಿನಗಳಲ್ಲಿ ಕಾಪು ಕಡೆ ಒಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ, ರಾತ್ರಿ ಒಂದು ಗಂಟೆ, ಕೊನೆಯ ರೈಡ್, ಹಿಡಿದರೆ ನಾವು ಸೆಮಿಫೈನಲ್‌ಗೆ. ರೈಡರ್ ನನ್ನ ಮೂಲೆಗೆ ಬಂದ, ಆಂಕಲ್ ಹೋಲ್ಡ್‌ಗೆ ಹಾರಿದೆ, ಹಾರುವಾಗ ಕಣ್ಣು ಮುಚ್ಚಿದ್ದೆ. ಸಿಕ್ಕಿದ್ದು ನಮ್ಮ ಕವರ್‌ನವನ ಮೊಣಕಾಲು. ತುಟಿ ಒಡೆಯಿತು. ರೈಡರ್ ನಡೆದುಕೊಂಡೇ ಗೆರೆ ದಾಟಿದ. ನಮ್ಮ ಕೋಚ್ ಐಸ್ ಕೊಡುತ್ತಾ ಕೇಳಿದ್ದು ಒಂದೇ ಪ್ರಶ್ನೆ, “ಕಾಲು ಎಲ್ಲಿತ್ತು ನಿಂದು?” ಕೈ ಎಲ್ಲಿತ್ತು ಅಂತ ಕೇಳಲಿಲ್ಲ.

ಅದೇ ಉತ್ತರ ನಿಮಗೂ. ಮುಂದಿನ ಭಾನುವಾರ ಕೈ ನೋಡಬೇಡಿ, ಹಿಡಿಯಲು ಹೋಗುವವನ ಕೊನೆಯ ಎರಡು ಮೂರು ಹೆಜ್ಜೆ ನೋಡಿ. ಒಳ್ಳೆಯವ ದೂರದಿಂದ ಜೋರಾಗಿ ಬಂದು ಹತ್ತಿರವಾದ ಹಾಗೆ ಹೆಜ್ಜೆ ಚಿಕ್ಕದು ಮಾಡುತ್ತಾನೆ. ಸೊಂಟ ಇಳಿಯುತ್ತದೆ, ತಲೆ ಮೇಲೆಯೇ ಇರುತ್ತದೆ, ಕಣ್ಣು ಓಡುವವನ ಸೊಂಟದ ಮೇಲೆ. ಭುಜ, ಕಣ್ಣು ಎಲ್ಲ ಮೋಸ ಮಾಡಬಹುದು, ಸೊಂಟ ಮಾಡುವುದಿಲ್ಲ. ಆಮೇಲೆ ಓಡುವವನ ಹತ್ತಿರದ ಕಾಲು ಯಾವುದೋ ಅದರ ಪಕ್ಕಕ್ಕೆ ತನ್ನ ಕಾಲು ಊರಿ, ಭುಜ ಕೊಟ್ಟು, ಎರಡೂ ಕೈ ಸುತ್ತಿ, ಕಾಲು ಒದೆಯುತ್ತಲೇ ಇರಬೇಕು. ಕಾಲು ದೂರ ಇದ್ದಾಗಲೇ ಹಾರಿದರೆ ಗಾಳಿಯಲ್ಲಿ ಬ್ರೇಕ್ ಇಲ್ಲ, ಸ್ಟಿಯರಿಂಗೂ ಇಲ್ಲ. ಎದುರಿನವ ಅರ್ಧ ಹೆಜ್ಜೆ ಪಕ್ಕಕ್ಕೆ ಇಟ್ಟರೆ ಕೈಗೆ ಸಿಗುವುದು ಹುಲ್ಲು.

ಇನ್ನು ಆ ಸೋಮಾರಿತನದ ವಿಷಯ. ನನಗೆ ಸಿಟ್ಟು ಬರುವುದು ತಪ್ಪಿಸಿಕೊಂಡವನ ಮೇಲಲ್ಲ, ಉಳಿದ ಹತ್ತು ಜನರ ಮೇಲೆ. ಒಬ್ಬ ತಪ್ಪುವುದು ಇದ್ದದ್ದೇ. ಎರಡನೆಯವ, ಮೂರನೆಯವ ಓಡಿ ಬಂದು ಸೇರಿದರೆ ತಪ್ಪಿದ ಟ್ಯಾಕಲ್‌ನಿಂದ ಹೋಗುವುದು ನಾಲ್ಕು ಗಜ. ‘ಅವ ಹಿಡಿಯುತ್ತಾನೆ ಬಿಡು’ ಅಂತ ನಿಂತು ನೋಡಿದರೆ 60 ಗಜ. ಇನ್ನೊಂದು ಚಾಳಿ, ಚೆಂಡು ಉದುರಿಸಲು ಹೋಗುವುದು. ಶಿಕಾಗೊ ಬೇರ್ಸ್‌ನ ಚಾರ್ಲ್ಸ್ ಟಿಲ್ಮನ್ ಮುಷ್ಟಿಯಿಂದ ಚೆಂಡಿಗೆ ಗುದ್ದಿ ಉದುರಿಸುವುದರಲ್ಲಿ ಹೆಸರು ಮಾಡಿದ, ವೃತ್ತಿಯಲ್ಲಿ 44 ಸಲ ಹಾಗೆ ಮಾಡಿದ. ಅವ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಗುದ್ದುತ್ತಿದ್ದ. ಈಗಿನವರು ಗುದ್ದುವುದನ್ನು ಮಾತ್ರ ಕಲಿತಿದ್ದಾರೆ.

ಮಾರ್ಕಸ್ ವಿಲಿಯಮ್ಸ್ ಕಥೆ ಅಲ್ಲಿಗೇ ಮುಗಿಯಲಿಲ್ಲ ಬಿಡಿ. ಪಂದ್ಯದ ನಂತರ ಪತ್ರಕರ್ತರ ಎದುರು ಕೂತು ತಪ್ಪು ನನ್ನದು ಅಂದ. 2022ರಲ್ಲಿ ಬಾಲ್ಟಿಮೋರ್ ರೇವೆನ್ಸ್ ಅವನ ಜತೆ ಐದು ವರ್ಷಕ್ಕೆ 7 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ಡಾಲರ್, ರೂಪಾಯಿ ಅಲ್ಲ.

ಪ್ರಶ್ನೆ: ವಾರಕ್ಕೆ ಒಂದೇ ಪಂದ್ಯ. ಉಳಿದ ಆರು ದಿನ ಇವರು ಟ್ಯಾಕಲ್ ಅಭ್ಯಾಸ ಮಾಡುವುದಿಲ್ವಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ

ಉತ್ತರ: ಹೆಚ್ಚು ಕಡಿಮೆ ಇಲ್ಲ ಅಂತಲೇ ಹೇಳಬೇಕು. 2011ರಲ್ಲಿ ಆಟಗಾರರ ಸಂಘ ಮತ್ತು ಮಾಲೀಕರ ನಡುವೆ ಆದ ಒಪ್ಪಂದದ ಪ್ರಕಾರ ಇಡೀ ಲೀಗ್ ಅವಧಿಯಲ್ಲಿ ಪೂರ್ತಿ ಪ್ಯಾಡ್ ಕಟ್ಟಿಕೊಂಡು ಅಭ್ಯಾಸ ಮಾಡಬಹುದಾದದ್ದು ಬರೀ 14 ಸಲ. ಅದರಲ್ಲೂ ತಮ್ಮವನನ್ನೇ ನೆಲಕ್ಕೆ ಕೆಡವಲು ಕೋಚ್‌ಗಳು ಬಿಡುವುದಿಲ್ಲ. ಭುಜ ತಾಗಿಸಿ ಅಲ್ಲೇ ನಿಲ್ಲಬೇಕು. ಬುಧವಾರ ನಿಮ್ಮದೇ ತಂಡದ ದುಬಾರಿ ರನ್ನರ್‌ನ ಮೊಣಕಾಲು ಮುರಿದರೆ ಭಾನುವಾರ ಯಾರನ್ನು ಇಳಿಸುವುದು? ಇದಲ್ಲದೆ 2021ರಿಂದ ಲೀಗ್ ಪಂದ್ಯ 16ರಿಂದ 17 ಆಯಿತು, ಅದಕ್ಕೆ ಮೊದಲಿನ ತಯಾರಿ ಪಂದ್ಯ ನಾಲ್ಕರಿಂದ ಮೂರಕ್ಕೆ ಇಳಿಯಿತು. ಆ ಮೂರರಲ್ಲೂ ದೊಡ್ಡ ಆಟಗಾರರು ಬೆಂಚಿನ ಮೇಲೆಯೇ ಜಾಸ್ತಿ. ಸೆಪ್ಟೆಂಬರ್‌ನ ಮೊದಲ ವಾರಗಳಲ್ಲಿ ಟ್ಯಾಕಲ್ ಅಷ್ಟು ಕೆಟ್ಟದಾಗಿ ಕಾಣುವುದು ಅದಕ್ಕೇ.

ಹಾಗಂತ ಇದೇ ನೆವ ಅಂತ ನಾನು ಒಪ್ಪುವುದಿಲ್ಲ. ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡ್ಡಿ ಟೀವೆನ್ಸ್ 2010ರಲ್ಲೇ ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವುದನ್ನು ಪೂರ್ತಿ ನಿಲ್ಲಿಸಿದರು. ದಿಂಬು, ಡಮ್ಮಿ, ಆಮೇಲೆ ಓಡಾಡುವ ರೋಬಾಟ್ ಡಮ್ಮಿ. ಅವರ ತಂಡದ ಟ್ಯಾಕಲ್ ಕೆಡುವ ಬದಲು ಸುಧಾರಿಸಿತು. ಹೆಜ್ಜೆ ಕಲಿಯಲು ಇನ್ನೊಬ್ಬನ ಮೈ ಬೇಕಾಗಿಲ್ಲ, ಅಲ್ವಾ? ನಾವು ತೆಂಗಿನ ಮರವನ್ನೇ ಅಪ್ಪಿಕೊಂಡು ಥೈ ಹೋಲ್ಡ್ ಕಲಿತದ್ದು.

ಪ್ರಶ್ನೆ: ನಮ್ಮ ಕಾರ್ಕಳದ ಕಬಡ್ಡಿ ಹುಡುಗರನ್ನು ಅಲ್ಲಿಗೆ ಕಳಿಸಿದರೆ ಎಲ್ಲರನ್ನೂ ಹಿಡಿದು ಹಾಕುತ್ತಾರೆ. ಏನಂತೀರಿ?
– ಕಬಡ್ಡಿ ಅಭಿಮಾನಿ, ಹೆರ್ಮುಂಡೆ

ಉತ್ತರ: ಕಬಡ್ಡಿಯ ಮಮತಾ ಪೂಜಾರಿಯವರ ಊರಿನಿಂದ ಪತ್ರ ಬಂದರೆ ಇಲ್ಲ ಅನ್ನಲು ಹೆದರಿಕೆ ಆಗುತ್ತದೆ. ಆದರೂ ಹೇಳುತ್ತೇನೆ. ಕಬಡ್ಡಿಯಲ್ಲಿ ರೈಡರ್ ವಾಪಸ್ ಹೋಗಲೇಬೇಕು, ಅವನ ಮನೆ ನಮ್ಮ ಎದುರಿಗೆ ಇದೆ, ನಾವು ಕಾಯಬಹುದು. ಅಲ್ಲಿ ಓಡುವವ ನಮ್ಮನ್ನು ದಾಟಿ ಹೋಗುವವ, ಕಾದರೆ ಹೋಯಿತು. ಮತ್ತೆ ತೂಕ. ನಮ್ಮಲ್ಲಿ ಗಂಡಸರ ಕಬಡ್ಡಿಗೆ 85 ಕಿಲೋ ಮಿತಿ. ಡೆರಿಕ್ ಹೆನ್ರಿ ಅಂತ ಒಬ್ಬ ಇದ್ದಾನೆ, ಹತ್ತಿರ ಹತ್ತಿರ 112 ಕಿಲೋ. 2018ರ ಡಿಸೆಂಬರ್‌ನಲ್ಲಿ ಜಾಕ್ಸನ್‌ವಿಲ್ ತಂಡದ ಮೇಲೆ ತನ್ನ ಗೆರೆಯಿಂದ ಎದುರಿನ ಗೆರೆಯವರೆಗೆ 99 ಗಜ ಓಡಿದ, ದಾರಿಯಲ್ಲಿ ಬಂದವರನ್ನು ಒಂದೇ ಕೈಯಲ್ಲಿ ದೂಡುತ್ತಾ. ಕಂಬಳದಲ್ಲಿ ಓಟ ಮುಗಿಯುವ ಮಂಜೊಟ್ಟಿಯಲ್ಲಿ ಕೋಣ ಹಿಡಿಯಲು ನಿಂತವರು ನೇರ ಎದುರಿಗೆ ನಿಲ್ಲುತ್ತಾರಾ? ಹಾಗೆ.

ಆದರೆ ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಉಂಟು. 2000ದ ಜನವರಿ 30ರ ಸೂಪರ್ ಬೌಲ್‌ನ ಕೊನೆಯ ಆಟವನ್ನು ಹುಡುಕಿ ನೋಡಿ. ಟೈಟನ್ಸ್‌ನ ಕೆವಿನ್ ಡೈಸನ್ ಚೆಂಡು ಹಿಡಿದು ಗೆರೆಯತ್ತ ನುಗ್ಗುತ್ತಾನೆ. ರ‍್ಯಾಮ್ಸ್‌ನ ಮೈಕ್ ಜೋನ್ಸ್ ಬಡಿಯಲು ಹೋಗಲೇ ಇಲ್ಲ. ಕಾಲುಗಳನ್ನು ಎರಡೂ ಕೈಯಲ್ಲಿ ಸುತ್ತಿಕೊಂಡು ಉರುಳಿದ. ಡೈಸನ್ ಬಿದ್ದಲ್ಲಿಂದಲೇ ಕೈ ಚಾಚಿದ, ಒಂದು ಗಜ ಸಾಲಲಿಲ್ಲ. ರ‍್ಯಾಮ್ಸ್ 23-16ರಿಂದ ಗೆದ್ದರು. ಅದು ಅಪ್ಪಟ ಕಬಡ್ಡಿ ಹಿಡಿತ. ನಮ್ಮ ಪಂದ್ಯಾಟದಲ್ಲಿ ಆಗಿದ್ದರೆ ಮೈಕಿನಲ್ಲಿ ಕಾಮೆಂಟರಿ ಹೇಳುವವ ಕೂಡಲೇ ನೂರು ರೂಪಾಯಿ ಬಹುಮಾನ ಘೋಷಿಸುತ್ತಿದ್ದ.

ಪ್ರಶ್ನೆ: ನನ್ನ ಮೊಮ್ಮಗ ಅಮೆರಿಕದಲ್ಲಿ ಶಾಲಾ ತಂಡಕ್ಕೆ ಸೇರಿದ್ದಾನೆ. ತಲೆಗೆ ಪೆಟ್ಟಾಗುತ್ತದೆ ಅಂತ ಕೇಳಿ ನಿದ್ದೆ ಇಲ್ಲ. ನಿಯಮ ಏನಾದರೂ ಇದೆಯಾ?
– ಅಜ್ಜಿ, ಕದ್ರಿ

ಉತ್ತರ: ಅಮ್ಮಾ, ನಿಮ್ಮ ಹೆದರಿಕೆ ಸುಮ್ನೆ ಅಲ್ಲ. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಮೆದುಳಿಗೆ ತೊಂದರೆ ಆಗುತ್ತದೆ ಅನ್ನುವುದು ಈಗ ಎಲ್ಲರೂ ಒಪ್ಪಿದ ವಿಷಯ. ವೃತ್ತಿಪರ ಲೀಗಿನಲ್ಲಿ ಹಿಂದಿನಿಂದ ಕಾಲರ್ ಹಿಡಿದು ಎಳೆಯುವುದನ್ನು 2005ರಲ್ಲಿ ನಿಷೇಧಿಸಿದರು. 2018ರಿಂದ ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಗುದ್ದಿದರೆ 15 ಗಜ ದಂಡ. 2024ರಲ್ಲಿ ಇನ್ನೊಂದು, ಹಿಂದಿನಿಂದ ಅಪ್ಪಿಕೊಂಡು ತನ್ನ ಸೊಂಟವನ್ನು ತಿರುಗಿಸಿ ಓಡುವವನ ಕಾಲಿನ ಮೇಲೆ ಕುಸಿದು ಬೀಳುವುದು. ಅದೂ ಬಂದ್. ಬೈಯುವವರು ಬೈಯುತ್ತಾರೆ, ಹೀಗೆ ಎಲ್ಲ ಬೇಡ ಅಂದ್ರೆ ಹಿಡಿಯುವುದು ಹೇಗೆ ಅಂತ. ನನಗಂತೂ ನಿಯಮ ಸರಿ ಅನಿಸುತ್ತದೆ. ತಲೆ ಮೇಲಿಟ್ಟು ಹೋದವನಿಗೆ ಪೆಟ್ಟೂ ಕಡಿಮೆ, ತಪ್ಪುವುದೂ ಕಡಿಮೆ. ಮೊಮ್ಮಗನಿಗೆ ಫೋನ್ ಮಾಡಿದಾಗ ಒಂದೇ ಮಾತು ಕೇಳಿ: ನಿನ್ನ ಕೋಚ್ ತಲೆ ಎಲ್ಲಿಡಬೇಕು ಅಂತ ಹೇಳಿಕೊಡುತ್ತಾರಾ? ‘ಓಡುವವನ ಪಕ್ಕಕ್ಕೆ, ಕಣ್ಣು ಮೇಲೆ’ ಅಂದರೆ ಸ್ವಲ್ಪ ಸಮಾಧಾನ. ಏನೂ ಹೇಳಿಲ್ಲ ಅಂದರೆ ಅವನ ಅಪ್ಪ ಅಮ್ಮ ಹೋಗಿ ಕೋಚ್ ಹತ್ತಿರ ಮಾತಾಡಲೇಬೇಕು. ತಲೆಗೆ ಪೆಟ್ಟಾದ ದಿನ ಮತ್ತೆ ಆಡಲು ಇಳಿಯಬಾರದು, ಇದು ಖಂಡಿತ.

ಪ್ರಶ್ನೆ: ರಗ್ಬಿಯವರು ಹೆಲ್ಮೆಟ್ ಇಲ್ಲದೆ ಚೆನ್ನಾಗಿ ಹಿಡಿಯುತ್ತಾರಲ್ಲ?
– ಓದುಗ, ಕುಂದಾಪುರ

ಉತ್ತರ: ಹೌದು, ಹಾಗಾಗಿಯೇ ಸೀಹಾಕ್ಸ್‌ನ ಆಗಿನ ಕೋಚ್ ಪೀಟ್ ಕ್ಯಾರಲ್ 2014ರಲ್ಲಿ ರಗ್ಬಿ ಶೈಲಿಯಲ್ಲಿ ಭುಜದಿಂದ ಹಿಡಿಯುವ ಪಾಠದ ವಿಡಿಯೊ ಹೊರತಂದರು. ಅದೇ ವರ್ಷ ಅವರ ತಂಡ ಸೂಪರ್ ಬೌಲ್ ಅನ್ನು 43-8ರಿಂದ ಗೆದ್ದಿತ್ತು. ಹೆಲ್ಮೆಟ್ ಇಲ್ಲದವನಿಗೆ ತಲೆ ಕಾಪಾಡಿಕೊಳ್ಳುವ ಬುದ್ಧಿ ತಾನಾಗಿಯೇ ಬರುತ್ತದೆ.

ಪ್ರಶ್ನೆ: ನಾವು ಹುಡುಗಿಯರು ಈ ಆಟ ಆಡಬಹುದಾ? ಬೀಳಿಸುವುದು ಮಾತ್ರ ಬೇಡ.
– ಪದವಿ ವಿದ್ಯಾರ್ಥಿನಿಯರು, ಉಡುಪಿ

ಉತ್ತರ: ಆಡಬಹುದು, ಫ್ಲ್ಯಾಗ್ ಫುಟ್‌ಬಾಲ್ ಅಂತ ಒಂದಿದೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಓಡುವುದು, ಎದುರಿನವರು ಪಟ್ಟಿ ಕಿತ್ತರೆ ಆಟ ನಿಂತಿತು. ಒಲಿಂಪಿಕ್ಸ್‌ನಲ್ಲಿ ಒಂದು ಕಡೆ ಐದೇ ಜನ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೂ ಗಂಡಸರಿಗೂ ಇದೆ. ಮಲ್ಪೆ ಬೀಚಿನ ಗಟ್ಟಿ ಮರಳು ಸಾಕು, ಶಾಲು ಕತ್ತರಿಸಿ ಪಟ್ಟಿ ಮಾಡಿಕೊಳ್ಳಿ. ಹತ್ತಿರ ಬಂದಾಗ ಹೆಜ್ಜೆ ಚಿಕ್ಕದು ಮಾಡದಿದ್ದರೆ ಪಟ್ಟಿಯೂ ಸಿಗುವುದಿಲ್ಲ, ನೋಡಿ ಬೇಕಾದರೆ.

ಪ್ರಶ್ನೆ: ಸೂಪರ್ ಬೌಲ್ ನಮ್ಮಲ್ಲಿ ಎಷ್ಟು ಗಂಟೆಗೆ?
– ಓದುಗ, ಹಂಪನಕಟ್ಟೆ

ಉತ್ತರ: ಫೆಬ್ರವರಿಯ ಒಂದು ಸೋಮವಾರ ಬೆಳಗ್ಗೆ ಐದಕ್ಕೆ ಶುರು. ಮುಗಿಯುವಾಗ ಎಂಟೂವರೆ ಒಂಬತ್ತು. ಆಫೀಸಿಗೆ ರಜೆ ಹಾಕಿ, ಬನ್ಸ್ ಮೊದಲೇ ತರಿಸಿಟ್ಟುಕೊಳ್ಳಿ.