ಪ್ರತಿಕೃತಿ ರೈಫಲ್‌ನ ಬಿಗಿಯಾದ ಲಿವರ್

ಇಟಲಿಯಲ್ಲಿ ತಯಾರಾದ ನಿಮ್ಮ ಹೊಸ 1873ರ ವಿಂಚೆಸ್ಟರ್ ರೈಫಲ್ ಪ್ರತಿಕೃತಿಯ ಲಿವರ್ (ಗುಂಡು ತುಂಬಲು ಕೆಳಗೆ ತಳ್ಳಿ ಮೇಲೆಳೆಯುವ ಹಿಡಿ) ಬಿಗಿಯಾಗಿರುವುದಕ್ಕೆ ಒಳಗಿನ ಎರಡು ಪಟ್ಟಿ ಸ್ಪ್ರಿಂಗ್‌ಗಳ ಅತಿಯಾದ ಒತ್ತಡವೂ ಕಾರ್ಖಾನೆಯ ಗಟ್ಟಿ ಗ್ರೀಸೂ ಕಾರಣವಿರಬೇಕು; ಕಣ್ಣಾರೆ ನೋಡದೆ ಖಚಿತವೆನ್ನಲಾರೆ. ಮೊದಲು ಗುಂಡುಗಳನ್ನು ಕೂಡಿಡುವ ಮ್ಯಾಗಜೀನ್ ಕೊಳವೆ, ಹಾರಿಸುವ ಗುಂಡು ಕೂರುವ ಚೇಂಬರ್ ಎರಡೂ ಖಾಲಿಯಿವೆಯೇ ಎಂದು ಪರೀಕ್ಷಿಸಿ, ಪಕ್ಕದ ತಗಡುಗಳನ್ನು ಬಿಚ್ಚಿ, ಗ್ರೀಸನ್ನು ಪೂರ್ತಿ ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿರಿ. ಮರುಜೋಡಿಸಿದ ಬಳಿಕ ಖಾಲಿ ರೈಫಲಿನ ಲಿವರನ್ನು ಕೆಲವು ನೂರು ಸಲ ಆಡಿಸಿರಿ; ಬೇಸರದ ಕೆಲಸವೇ ಸರಿ, ಆದರೆ ಬಿಗಿ ಬಹುಮಟ್ಟಿಗೆ ಇದರಲ್ಲೇ ಹೋಗುವುದುಂಟು. ಆಮೇಲೂ ಭಾರವೆನಿಸಿದರೆ, ಆ ಎರಡು, ಅಂದರೆ ಲಿವರ್ ಮತ್ತು ಕ್ಯಾರಿಯರ್ (ಗುಂಡನ್ನು ಚೇಂಬರಿನ ಮಟ್ಟಕ್ಕೆ ಎತ್ತುವ ಭಾಗ) ಸ್ಪ್ರಿಂಗ್‌ಗಳನ್ನು ಅರೆಯುವ ಬದಲು ಅದೇ ಮಾದರಿಗೆಂದು ಸಿಗುವ ಹಗುರ ಸ್ಪ್ರಿಂಗ್‌ಗಳನ್ನು ಕೊಂಡು ಹಾಕುವುದು ಮೇಲು, ಏಕೆಂದರೆ ಹೆಚ್ಚು ಅರೆದದ್ದನ್ನು ಮರಳಿ ತುಂಬಲಾಗದು. ಲಿವರಿನೊಡನೆ ಮಡಚಿಕೊಂಡು ಚೇಂಬರಿನ ಹಿಂಬದಿಯನ್ನು ತೆರೆದು ಮುಚ್ಚುವ ಟಾಗಲ್ ಕೊಂಡಿಗಳ ಕೀಲುಗಳನ್ನೂ, ಗುಂಡು ಸಿಡಿಸಲು ಹೊಡೆಯುವ ಹ್ಯಾಮರನ್ನು ಟ್ರಿಗರ್ ಕಚ್ಚಿ ಹಿಡಿಯುವ ಅಂಚನ್ನೂ ನೀವಾಗಿ ಉಜ್ಜದೆ ಬಂದೂಕು ರಿಪೇರಿ ಬಲ್ಲವರಿಗೇ ಬಿಡಿ.