ಗುಂಟೆಗೆ ಸಾವಿರವಲ್ಲ, 1089

ಪಾಂಡವಪುರದ ಅಣ್ಣನವರೇ, ಹದಿನಾಲ್ಕು ಗುಂಟೆ ಗದ್ದೆಗೆ ಚದರ ಅಡಿಯಂತೆ ಬೆಲೆ ಕಟ್ಟುವಾಗ ದಲ್ಲಾಳಿಯವರು ‘ಗುಂಟೆಗೆ ಸಾವಿರ ಅಡಿ ಹಿಡಿಯೋಣ, ಲೆಕ್ಕ ಸುಲಭ’ ಎನ್ನುತ್ತಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಒಪ್ಪಬೇಡಿ. ಗುಂಟೆಗೆ 1089 ಚದರ ಅಡಿ. ಹದಿನಾಲ್ಕು ಗುಂಟೆಗೆ 15,246. ಅವರ ಲೆಕ್ಕದಲ್ಲಿ ಬಿಟ್ಟುಹೋಗುವ 1,246 ಅಡಿ ಎಂದರೆ ಒಂದು ಗುಂಟೆ ಎರಡು ಆಣೆಗೂ (ಆಣೆ ಎಂದರೆ ಗುಂಟೆಯ ಹದಿನಾರನೇ ಒಂದು ಪಾಲು) ಹೆಚ್ಚು. ಒಂದು ಎಕರೆಗೆ ಇದು ಮೂರು ಗುಂಟೆಯನ್ನೂ ದಾಟುತ್ತದೆ.

1089 ಎಂಬುದು 33ರ ವರ್ಗ. ಮೂವತ್ಮೂರು ಅಡಿ ಉದ್ದ, ಅಷ್ಟೇ ಅಗಲದ ಚೌಕವೇ ಗುಂಟೆ. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ ರೂಢಿಗೆ ತಂದ ಅಳತೆಯ ಸರಪಳಿ 66 ಅಡಿ, ಅದರ ಅರ್ಧ 33. ಆದ್ದರಿಂದ ಒಂದು ಸರಪಳಿಯ ಚೌಕಕ್ಕೆ ನಾಲ್ಕು ಗುಂಟೆ, ಅಂಥ ಹತ್ತು ಚೌಕಕ್ಕೆ 43,560 ಅಡಿಯ ಒಂದು ಎಕರೆ. ಪ್ರತಿ ಬದಿ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆ ಎಂಬುದನ್ನು ಗದ್ದೆ ಪಾಲು ಮಾಡುವಾಗ ಅನೇಕರು ಮರೆಯುತ್ತಾರೆ.

ಲೆಕ್ಕ ಸುಲಭವಾಗಬೇಕೆಂಬುದೇ ಅವರ ಕಾರಣವಾದರೆ, 1089 ತಾನೇ ಬಹಳ ಸುಲಭದ ಸಂಖ್ಯೆ. ಅದು 1100ರಲ್ಲಿ 11 ಕಳೆದರೆ ಬರುವುದು. ಏಳು ಗುಂಟೆಗೆ 7700ರಲ್ಲಿ 77 ಕಳೆಯಿರಿ, 7623. ಹದಿನಾಲ್ಕಕ್ಕೆ 15,400ರಲ್ಲಿ 154 ಕಳೆಯಿರಿ. ಕಾಗದ, ಮೊಬೈಲು ಯಾವುದೂ ಬೇಕಿಲ್ಲ, ಬದುವಿನ ಮೇಲೆ ನಿಂತೇ ಹೇಳಬಹುದು. ಒಂದರಿಂದ ಒಂಬತ್ತು ಗುಂಟೆಯವರೆಗೆ ಬರೆದು ನೋಡಿ: 1089, 2178, 3267, 4356, 5445, 6534, 7623, 8712, 9801. ಎಡಗಡೆಯ ಎರಡು ಅಂಕಿಗಳು ಒಂದೊಂದಾಗಿ ಏರುತ್ತವೆ, ಬಲಗಡೆಯ ಎರಡು ಇಳಿಯುತ್ತವೆ. ಒಂಬತ್ತು ಗುಂಟೆಯ 9801 ಎಂಬುದು ಒಂದು ಗುಂಟೆಯ 1089ನ್ನು ತಿರುಗಿಸಿ ಬರೆದದ್ದು. ಎರಡು ಗುಂಟೆಯ 2178ನ್ನು ನಾಲ್ಕರಿಂದ ಗುಣಿಸಿದರೂ ತಿರುಗಿದ 8712 ಬರುತ್ತದೆ. ನಾಲ್ಕಂಕಿಯ ಸಂಖ್ಯೆಗಳಲ್ಲಿ ಒಂದಕ್ಕಿಂತ ದೊಡ್ಡ ಒಂದಂಕಿಯಿಂದ ಗುಣಿಸಿದಾಗ ಹೀಗೆ ತಿರುಗುವವು ಇವೆರಡೇ, ಎರಡೂ ನಮ್ಮ ಗುಂಟೆಯ ಲೆಕ್ಕದೊಳಗೇ ಇವೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಮನೆಯಲ್ಲಿ ಮಕ್ಕಳಿದ್ದರೆ ಇದನ್ನೂ ಮಾಡಿಸಿ. ಮೊದಲ ಮತ್ತು ಕೊನೆಯ ಅಂಕಿ ಬೇರೆಬೇರೆ ಇರುವ ಮೂರಂಕಿಯ ಸಂಖ್ಯೆ, ಉದಾಹರಣೆಗೆ 752, ತಿರುಗಿಸಿ 257, ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 495. ಅದನ್ನು ತಿರುಗಿಸಿದ 594ನ್ನು ಕೂಡಿದರೆ 1089. ಉಳಿಕೆ 99 ಬಂದರೆ ಮಾತ್ರ 099 ಎಂದು ಬರೆದುಕೊಳ್ಳಬೇಕು. ಯಾವ ಸಂಖ್ಯೆ ಹಿಡಿದರೂ ಉತ್ತರ ಒಂದು ಗುಂಟೆಯೇ.

ತಪ್ಪು ಹಿಡಿಯಲು ಒಂದು ಉಪಾಯವಿದೆ. 1089 ಎಂದರೆ 9 ಗುಣಿಸು 121, ಆದ್ದರಿಂದ ಪೂರ್ಣ ಗುಂಟೆಗಳ ಯಾವ ಮೊತ್ತದ ಅಂಕಿಗಳನ್ನು ಕೂಡಿದರೂ ಒಂಬತ್ತರ ಮಗ್ಗಿಯಲ್ಲೇ ಬರಬೇಕು. 15,246ಕ್ಕೆ 18 ಬರುತ್ತದೆ, ಸರಿ. ದಲ್ಲಾಳಿಯವರ 14,000ಕ್ಕೆ 5 ಬರುತ್ತದೆ, ತಪ್ಪು.

ಸೈಟಿನ ಲೆಕ್ಕವನ್ನು ಇದರೊಂದಿಗೆ ಬೆರೆಸಬೇಡಿ. 30×40ರ ಸೈಟು 1200 ಅಡಿ, ಅಂದರೆ ಒಂದು ಗುಂಟೆಯ ಮೇಲೆ 111 ಅಡಿ. ಹಾಗೆಯೇ ಜಮೀನಿನ ಪಹಣಿಯಲ್ಲಿ 1-20 (ಎಕರೆ-ಗುಂಟೆ) ಎಂದಿದ್ದರೆ ಅದು ಒಂದೂವರೆ ಎಕರೆ, ಏಕೆಂದರೆ ಎಕರೆಗೆ ನಲವತ್ತು ಗುಂಟೆ. ಅದನ್ನು ದಶಾಂಶವೆಂದು ಓದಿ ಕ್ಯಾಲ್ಕುಲೇಟರಿಗೆ 1.20 ಎಂದು ಒತ್ತಿದರೆ ಹನ್ನೆರಡು ಗುಂಟೆ ಮಾಯವಾಗುತ್ತದೆ. ಕರಾರು ಬರೆಯುವಾಗ ಗುಂಟೆ ಮತ್ತು ಚದರ ಅಡಿ ಎರಡನ್ನೂ ಅಕ್ಷರದಲ್ಲೂ ಅಂಕಿಯಲ್ಲೂ ಬರೆಸಿಕೊಳ್ಳಿ.